ಹಳೆಯ ಸೇನಾ ಬಂದೂಕು ಸ್ಟ್ಯಾಂಡನ್ನು ಗುರುತಿಸುವ ಬಗೆ

ಹಳೆಯ ಮರದ ಸಾಮಾನು ಮಾರುವ ಅಂಗಡಿಗಳಲ್ಲಿ, ಎಸ್ಟೇಟ್ ಬಂಗಲೆಗಳ ಉಗ್ರಾಣಗಳಲ್ಲಿ, ಕಂಟೋನ್‌ಮೆಂಟ್ ಭಾಗದ ಹಳೆಯ ಮನೆಗಳನ್ನು ಖಾಲಿ ಮಾಡುವ ಹರಾಜುಗಳಲ್ಲಿ ಒಂದು ವಸ್ತು ಆಗಾಗ ಕಣ್ಣಿಗೆ ಬೀಳುತ್ತದೆ. ಕೆಳಗೆ ಗುಳಿ ತೋಡಿದ ದಪ್ಪ ಹಲಗೆ, ಮೇಲೆ ಸಾಲಾಗಿ ಕಚ್ಚು ಕೊರೆದ ಅಡ್ಡಪಟ್ಟಿ, ಇವೆರಡನ್ನೂ ಹಿಡಿದು ನಿಂತ ಎರಡು ಕಂಬ. ಮಾರುವವರು ಇದನ್ನು ಬ್ರಿಟಿಷರ ಕಾಲದ ಮಿಲಿಟರಿ ಗನ್ ಸ್ಟ್ಯಾಂಡ್ ಎಂದು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ ಅಥವಾ ಅನುಮಾನಿಸುತ್ತಾರೆ, ಪರೀಕ್ಷಿಸುವವರು ಕಡಿಮೆ. ಬಂದೂಕಿನ ಮೇಲಾದರೆ ಕಾರ್ಖಾನೆಯ ಹೆಸರು, ಇಸವಿ, ಕಿರೀಟದ ಮುದ್ರೆ ಎಲ್ಲವೂ ಇರುತ್ತವೆ. ಅದನ್ನು ನಿಲ್ಲಿಸಿದ ಸ್ಟ್ಯಾಂಡನ್ನು ರೆಜಿಮೆಂಟಿನ ಬಡಗಿಯೋ ಊರಿನ ಗುತ್ತಿಗೆದಾರನೋ ಮಾಡಿರುತ್ತಾನೆ, ಹೆಸರು ಹಾಕಿರುವುದಿಲ್ಲ. ಆದರೂ ಅದನ್ನು ಗುರುತಿಸುವುದು ಸಾಧ್ಯ. ಸೇನೆಯ ಸ್ಟ್ಯಾಂಡ್ ಒಂದು ನಿರ್ದಿಷ್ಟ ಬಂದೂಕಿನ ಅಳತೆಗೆ ಮಾಡಿದ ವಸ್ತುವಾದ್ದರಿಂದ, ಬಂದೂಕು ಹೋದ ಮೇಲೂ ಅದರ ಅಳತೆ ಖಾಲಿ ಕಚ್ಚು ಮತ್ತು ಗುಳಿಗಳಲ್ಲಿ ಉಳಿದಿರುತ್ತದೆ. ಮುದ್ರೆ ಹುಡುಕುವುದಕ್ಕೆ ಮೊದಲು ಅಳತೆ ಪಟ್ಟಿ ಹಿಡಿಯಬೇಕು ಎಂಬುದು ಈ ಲೇಖನದ ಮುಖ್ಯ ಮಾತು.

ಮೊದಲು ಆ ವಸ್ತು ಬಂದೂಕಿನದೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ವಸಾಹತು ಕಾಲದ ಕ್ಲಬ್ಬುಗಳಿಂದ ಬಂದ ಬಿಲಿಯರ್ಡ್ಸ್ ಕೋಲುಗಳ ಸ್ಟ್ಯಾಂಡನ್ನು ಬಂದೂಕಿನದೆಂದು ಮಾರುವುದುಂಟು, ನೋಡಲು ಎರಡೂ ಸುಮಾರಾಗಿ ಒಂದೇ ಬಗೆಯವು. ಬಿಲಿಯರ್ಡ್ಸ್ ಕೋಲಿನ ಬುಡ ದುಂಡಗಿರುವುದರಿಂದ ಅದರ ತಳದ ಗುಳಿಗಳೂ ಚಿಕ್ಕದಾಗಿ ದುಂಡಗಿರುತ್ತವೆ. ಬಂದೂಕಿನ ಬಟ್, ಅಂದರೆ ಭುಜಕ್ಕೆ ಆನಿಸುವ ಹಿಂತುದಿ, ಹಾಗಲ್ಲ; ಅದು ಸುಮಾರು ಎರಡು ಇಂಚು ದಪ್ಪ, ನಾಲ್ಕೂವರೆಯಿಂದ ಐದು ಇಂಚು ಉದ್ದದ ಚಪ್ಪಟೆ ತಳ. ಅದಕ್ಕೆ ತೋಡಿದ ಗುಳಿ ನೀಳವಾಗಿ, ಗೋಡೆಗೆ ಲಂಬವಾಗಿ ಇರುತ್ತದೆ. ಇನ್ನು ಮನೆಯ ಬೇಟೆ ಬಂದೂಕುಗಳಿಗೆ ಮಾಡಿಸಿದ ಸ್ಟ್ಯಾಂಡುಗಳಲ್ಲಿ ಕೆತ್ತನೆ, ಗಾಜಿನ ಬಾಗಿಲು, ತೋಟಾ ಇಡುವ ಸೆಳೆಖಾನೆ, ಮಖಮಲ್ ಬಟ್ಟೆ ಇವುಗಳಲ್ಲಿ ಒಂದಾದರೂ ಕಾಣುತ್ತದೆ. ಬಂದೂಕುಗಳು ಅಡ್ಡಲಾಗಿ, ಒಂದರ ಮೇಲೊಂದು, ನೋಡುವವರಿಗೆ ಚೆನ್ನಾಗಿ ಕಾಣುವಂತೆ ಜೋಡಣೆಯಾಗುತ್ತವೆ. ಸೇನೆಗೆ ಬೇಕಾದದ್ದು ಕಡಿಮೆ ಜಾಗದಲ್ಲಿ ಹೆಚ್ಚು ಬಂದೂಕು, ಎಣಿಸಲು ಸುಲಭ, ಕೈಗೆ ಬೇಗ ಸಿಗಬೇಕು. ಆದ್ದರಿಂದ ಅಲ್ಲಿ ಬಂದೂಕುಗಳು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತವೆ, ಎಲ್ಲ ಕಚ್ಚುಗಳೂ ಒಂದೇ ಅಳತೆಯಲ್ಲಿರುತ್ತವೆ. ಒಂದು ಕಚ್ಚು ಅಗಲ, ಇನ್ನೊಂದು ಕಿರಿದು ಎಂದಿದ್ದರೆ ಅದು ಬೇರೆಬೇರೆ ಬಂದೂಕುಗಳನ್ನು ಇಟ್ಟುಕೊಂಡಿದ್ದ ಮನೆಯದ್ದಾಗಿರುವ ಸಂಭವವೇ ಹೆಚ್ಚು.

ಈಗ ಅಳತೆಯ ವಿಷಯ. ಬ್ರಿಟಿಷ್ ಪದಾತಿದಳದ ಬಂದೂಕಿನ ಉದ್ದ ಸುಮಾರು ಒಂದು ಶತಮಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಈ ಇಳಿತವೇ ನಮಗೆ ಕಾಲಸೂಚಿ. 39 ಇಂಚಿನ ನಳಿಗೆಯ ಇಂಡಿಯಾ ಪ್ಯಾಟರ್ನ್ ಮಸ್ಕೆಟ್ ಒಟ್ಟು ಸುಮಾರು 55 ಇಂಚು ಉದ್ದವಿತ್ತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಡ್ ಮಸ್ಕೆಟ್ ಕೂಡ ಅಷ್ಟೇ ಉದ್ದ. 1866ರಿಂದ ಇದೇ ಎನ್‌ಫೀಲ್ಡ್‌ಗಳನ್ನು ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಬಂದೂಕುಗಳಾಗಿ ಮಾರ್ಪಡಿಸಿದಾಗಲೂ ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 1871ರ ಮಾರ್ಟಿನಿ-ಹೆನ್ರಿ ಬಂದಾಗ ಅದು 49 ಇಂಚಿಗೆ ಇಳಿಯಿತು. 1888ರ ಲೀ-ಮೆಟ್‌ಫೋರ್ಡ್, 1895ರ ಉದ್ದನೆಯ ಲೀ-ಎನ್‌ಫೀಲ್ಡ್ ಎರಡೂ ಸುಮಾರು 49 ಮುಕ್ಕಾಲು ಇಂಚಿನೊಳಗೇ ಇದ್ದವು. ಆಮೇಲೆ 1903ರ ಹೊತ್ತಿಗೆ ಬಂದ ಶಾರ್ಟ್ ಮ್ಯಾಗಜಿನ್ ಲೀ-ಎನ್‌ಫೀಲ್ಡ್, ಅಂದರೆ ನಮ್ಮ ಪೊಲೀಸ್ ಠಾಣೆಗಳಲ್ಲಿ ತೀರ ಈಚಿನವರೆಗೂ ನಾವು ನೋಡಿದ ತ್ರೀ ನಾಟ್ ತ್ರೀ ರೈಫಲ್, ಒಮ್ಮೆಲೆ ಸುಮಾರು 44 ಮುಕ್ಕಾಲು ಇಂಚಿನೊಳಗೆ ಬಂದು ನಿಂತಿತು.

ಈ ಸಂಖ್ಯೆಗಳನ್ನು ಬಳಸುವ ಕ್ರಮ ಹೀಗೆ. ಬಟ್ ಕೂರುವ ಗುಳಿಯ ತಳದಿಂದ ಮೇಲಿನ ಕಚ್ಚಿನವರೆಗಿನ ಎತ್ತರವನ್ನು ಅಳೆಯಬೇಕು. ಬಂದೂಕಿನ ಬಾಯಿ ಕಚ್ಚಿಗಿಂತ ಸ್ವಲ್ಪವಾದರೂ ಮೇಲಕ್ಕೆ ಚಾಚಿಕೊಂಡಿರಲೇಬೇಕಾದ್ದರಿಂದ ಈ ಎತ್ತರ ಬಂದೂಕಿನ ಉದ್ದಕ್ಕಿಂತ ಖಂಡಿತ ಕಡಿಮೆ. ಅಡ್ಡಪಟ್ಟಿ 46 ಇಂಚಿನ ಎತ್ತರದಲ್ಲಿದ್ದರೆ ತ್ರೀ ನಾಟ್ ತ್ರೀ ಅಲ್ಲಿಗೆ ಮುಟ್ಟುವುದೇ ಇಲ್ಲ, ಆ ಸ್ಟ್ಯಾಂಡ್ ಉದ್ದನೆಯ ಬಂದೂಕಿಗೆ ಮಾಡಿದ್ದು ಎಂದು ಧೈರ್ಯವಾಗಿ ಹೇಳಬಹುದು. 36 ಇಂಚಿನಲ್ಲಿದ್ದರೆ ಎಲ್ಲವೂ ಸಾಧ್ಯ, ಆಗ ಎತ್ತರದಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಕಚ್ಚಿನ ಆಕಾರವನ್ನು ನೋಡಬೇಕು. 30 ಇಂಚಿಗಿಂತಲೂ ಕೆಳಗಿದ್ದರೆ ಅಶ್ವದಳದ ಗಿಡ್ಡ ಕಾರ್ಬೈನ್‌ಗಳನ್ನು ನೆನೆಯಬೇಕು, ಮಾರ್ಟಿನಿ-ಹೆನ್ರಿಯ ಕಾರ್ಬೈನ್ ಸುಮಾರು 38 ಇಂಚಿನದಷ್ಟೇ. ಶಾರ್ಟ್ ಲೀ-ಎನ್‌ಫೀಲ್ಡ್ ಅನ್ನು ಪದಾತಿದಳ ಮತ್ತು ಅಶ್ವದಳ ಎರಡಕ್ಕೂ ಒಂದೇ ಬಂದೂಕು ಸಾಕೆಂಬ ಉದ್ದೇಶದಿಂದಲೇ ರೂಪಿಸಿದ್ದರಿಂದ, ಅದಾದ ಮೇಲೆ ಉದ್ದದ ಈ ಭೇದ ಇಲ್ಲವಾಯಿತು. ಕಂಬದ ಕಾಲುಗಳನ್ನು ಯಾರಾದರೂ ಕತ್ತರಿಸಿದ್ದರೂ ಈ ಅಳತೆಗೆ ಧಕ್ಕೆಯಿಲ್ಲ, ಏಕೆಂದರೆ ಅದು ನೆಲದಿಂದ ಅಳೆದದ್ದಲ್ಲ. ತಳದ ಹಲಗೆಯನ್ನೇ ಬದಲಿಸಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ.

ಆಕಾರದ ವಿಷಯದಲ್ಲಿ ತ್ರೀ ನಾಟ್ ತ್ರೀಯ ಮೂತಿ ಬಹಳ ಸಹಾಯ ಮಾಡುತ್ತದೆ. ಅದಕ್ಕಿಂತ ಹಿಂದಿನ ಬಂದೂಕುಗಳಲ್ಲಿ ಮರದ ಭಾಗ ಮುಗಿದ ಮೇಲೆ ನಳಿಗೆ ಬರಿದಾಗಿ ಕೆಲವು ಇಂಚು ಮುಂದಕ್ಕೆ ಚಾಚಿರುತ್ತಿತ್ತು; ಅಂಥ ತೆಳ್ಳನೆಯ ತುದಿಗೆ ಚಿಕ್ಕ ಅರ್ಧವೃತ್ತದ ಕಚ್ಚು ಸಾಕು. ಶಾರ್ಟ್ ಲೀ-ಎನ್‌ಫೀಲ್ಡ್‌ನಲ್ಲಿ ಮರ ಬಾಯಿಯವರೆಗೂ ಬಂದು, ಅಲ್ಲಿ ದಪ್ಪನೆಯ ಲೋಹದ ಮುಸುಕಿನಲ್ಲಿ ಮುಗಿಯುತ್ತದೆ. ಮುಂದಿನ ಗುರಿಕಾಣಿಯನ್ನು ಕಾಯಲು ಆ ಮುಸುಕಿನಿಂದ ಎರಡು ಕಿವಿಗಳು ಮೇಲೆದ್ದಿವೆ. ಹಳೆಯ ನಳಿಗೆಗೆ ಕೊರೆದ ಕಚ್ಚಿನಲ್ಲಿ ಈ ಮೊಂಡು ಮೂತಿ ಕೂರುವುದಿಲ್ಲ. ಆದ್ದರಿಂದ ಹಳೆಯ ಸ್ಟ್ಯಾಂಡನ್ನು ಹೊಸ ರೈಫಲ್‌ಗೆ ಹೊಂದಿಸಿಕೊಂಡಿದ್ದರೆ ಅದರ ಗುರುತು ಉಳಿದೇ ಇರುತ್ತದೆ: ಕಚ್ಚಿನ ಒಳಬದಿಯಲ್ಲಿ ಹಳೆಯ ನುಣುಪಾದ ಸವೆತದ ಪಕ್ಕದಲ್ಲೇ ಉಳಿಯಿಂದ ಕೆತ್ತಿ ಅಗಲ ಮಾಡಿದ ಒರಟು ಮುಖ, ಅಡ್ಡಪಟ್ಟಿಯನ್ನು ಕೆಳಗಿಳಿಸಿದಾಗ ಕಂಬದ ಮೇಲ್ಭಾಗದಲ್ಲಿ ಬಿಟ್ಟುಹೋದ, ಈಗ ಮರದ ಬೆಣೆಯಿಂದ ಮುಚ್ಚಿದ ಎರಡು ತೂತು. ಇಂಥ ಸ್ಟ್ಯಾಂಡ್ ಸಿಕ್ಕಿದರೆ ಅದನ್ನು ತಿದ್ದುಪಡಿಯಾದ ದೋಷಯುಕ್ತ ವಸ್ತುವೆಂದು ಬೆಲೆ ಇಳಿಸುವುದು ತಪ್ಪು. 1903ರ ಆಚೀಚಿನ ಎರಡೂ ಕಾಲಗಳನ್ನು ತನ್ನ ಮೈಮೇಲೆ ತೋರಿಸುವ ಅದಕ್ಕೆ, ಯಾರೂ ಮುಟ್ಟದ ಸ್ಟ್ಯಾಂಡಿಗಿಂತ ಹೆಚ್ಚಿನ ಚಾರಿತ್ರಿಕ ಮೌಲ್ಯವಿದೆ ಎಂಬುದು ನನ್ನ ನಿಲುವು.

ಕಚ್ಚುಗಳ ನಡುವಿನ ಅಂತರವೂ ಮಾತಾಡುತ್ತದೆ. ಎನ್‌ಫೀಲ್ಡ್ ಮತ್ತು ಸ್ನೈಡರ್‌ಗಳ ಬಲಬದಿಯಲ್ಲಿ ಹೊಡೆಯುವ ಸುತ್ತಿಗೆ ಹೊರಗೆ ಚಾಚಿತ್ತು, ಲೀ ಬಂದೂಕುಗಳ ಬಲಕ್ಕೆ ಬೋಲ್ಟ್‌ನ ಹಿಡಿ ಇದೆ. ಮಾರ್ಟಿನಿ-ಹೆನ್ರಿಗೆ ಇವೆರಡೂ ಇಲ್ಲ, ಅದರ ಸನ್ನೆ ಕೆಳಗಿದೆ, ಪಕ್ಕಗಳು ಬೋಳು. ಮಾರ್ಟಿನಿಗಳನ್ನು ಒತ್ತೊತ್ತಾಗಿ ನಿಲ್ಲಿಸಬಹುದಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಬಂದೂಕಿನ ಮಾದರಿಯಿಂದ ಸಿಗುವುದು ಸ್ಟ್ಯಾಂಡ್ ಯಾವ ವರ್ಷಕ್ಕಿಂತ ಹಿಂದಿನದಾಗಿರಲಾರದು ಎಂಬ ಗಡಿ ಮಾತ್ರ. ಎಷ್ಟು ಈಚಿನದಾಗಿರಬಹುದು ಎಂಬುದು ಅದರಿಂದ ತಿಳಿಯುವುದಿಲ್ಲ. ಭಾರತದ ಮಟ್ಟಿಗೆ ಇದಕ್ಕೆ ಒಂದು ರಾಜಕೀಯ ಕಾರಣವೂ ಇತ್ತು. 1857ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ಭಾರತೀಯ ಪಡೆಗಳ ಕೈಗೆ ಬ್ರಿಟಿಷ್ ಸೈನಿಕರ ಬಂದೂಕಿಗಿಂತ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡುವ ನೀತಿ ಅನುಸರಿಸಿತು. ಗೋರಾ ರೆಜಿಮೆಂಟುಗಳು ಮಾರ್ಟಿನಿ-ಹೆನ್ರಿ ಹಿಡಿದಿದ್ದಾಗ ಭಾರತೀಯ ಸಿಪಾಯಿಗಳ ಬಳಿ ಇನ್ನೂ ಸ್ನೈಡರ್ ಇತ್ತು. ಹೀಗಾಗಿ ಒಂದೇ ದಂಡುಪ್ರದೇಶದಲ್ಲಿ, ಒಂದೇ ವರ್ಷದಲ್ಲಿ, ಒಂದು ಬ್ಯಾರಕ್ಕಿಗೆ 49 ಇಂಚಿನ ಬಂದೂಕಿಗೂ ಇನ್ನೊಂದಕ್ಕೆ 55 ಇಂಚಿನ ಬಂದೂಕಿಗೂ ಸ್ಟ್ಯಾಂಡ್ ಮಾಡಬೇಕಾಗಿ ಬಂದಿರಬಹುದು. ಉದ್ದನೆಯದು ಎಂದ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಬಾರದು.

ಅಳತೆಯ ನಂತರ ನೋಡಬೇಕಾದದ್ದು ಬೀಗದ ವ್ಯವಸ್ಥೆ. ಈ ಭಾಗವನ್ನು ಹೆಚ್ಚಿನವರು ಗಮನಿಸದೆ ಬಿಡುತ್ತಾರೆ, ಆದರೆ ಸ್ಟ್ಯಾಂಡ್ ಯಾರ ನಡುವೆ ಇತ್ತು, ಯಾರಿಗೆ ಹೆದರಿ ಅದನ್ನು ಮಾಡಲಾಯಿತು ಎಂಬುದು ತಿಳಿಯುವುದು ಇಲ್ಲಿಂದಲೇ. ಈ ಎಲ್ಲ ಬಂದೂಕುಗಳಲ್ಲೂ ಬಟ್‌ನ ತಳದಿಂದ ಟ್ರಿಗರ್‌ವರೆಗೆ ಸುಮಾರು 13ರಿಂದ 14 ಇಂಚು. ಗುಳಿಯಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಎರಡು ಕಂಬಗಳಿಗೂ ಕಬ್ಬಿಣದ ಕೊಂಡಿಯೋ ತೂತೋ ಇದ್ದರೆ, ಎಲ್ಲ ಬಂದೂಕುಗಳ ಟ್ರಿಗರ್ ಬಳೆಗಳ ಮೂಲಕ ಒಂದು ಸರಪಳಿಯನ್ನೋ ಸರಳನ್ನೋ ತೂರಿಸಿ ತುದಿಗೆ ಬೀಗ ಹಾಕುತ್ತಿದ್ದರು ಎಂದು ಅರ್ಥ. ಮೇಲಿನ ಅಡ್ಡಪಟ್ಟಿಗೆ ಕೀಲಿನ ಮೇಲೆ ತಿರುಗುವ ಚಪ್ಪಟೆ ಕಬ್ಬಿಣದ ಪಟ್ಟಿ ಜೋಡಿಸಿ, ಅದನ್ನು ಕಚ್ಚುಗಳ ಮುಂದೆ ಮುಚ್ಚಿ ಬೀಗ ಹಾಕುವುದು ಇನ್ನೊಂದು ಬಗೆ. ಯಾವ ಬೀಗದ ಕುರುಹೂ ಇಲ್ಲದ ತೆರೆದ ಸ್ಟ್ಯಾಂಡ್, ಸೈನಿಕರು ಮಲಗುವ ಕೋಣೆಯಲ್ಲೇ ಅವರ ಬಂದೂಕು ಇರಬಹುದೆಂಬ ವಿಶ್ವಾಸವಿದ್ದ ಕಡೆಯದು, ಇಲ್ಲವೇ ಬೀಗ ಕೋಣೆಯ ಬಾಗಿಲಿಗೇ ಇದ್ದ ಕಡೆಯದು.

ಕಂಪನಿ ಸರ್ಕಾರದ ಕಾಲದಲ್ಲಿ ಭಾರತೀಯ ಸಿಪಾಯಿಗಳ ಬಂದೂಕುಗಳು ಅವರ ವಸತಿಯಲ್ಲಿ ಇರುತ್ತಿರಲಿಲ್ಲ. ಆ ವಸತಿ ಸಾಲುಗಳ ಮುಂದೆ ಕಟ್ಟಿದ ‘ಬೆಲ್ ಆಫ್ ಆರ್ಮ್ಸ್’ ಎಂಬ ಪುಟ್ಟ ಕಟ್ಟಡಗಳಲ್ಲಿ ಅವನ್ನು ಕೂಡಿಡುತ್ತಿದ್ದರು. 1857ರ ಮೇ 10ರ ಸಂಜೆ ಮೀರಠಿನಲ್ಲಿ ಸಿಪಾಯಿಗಳು ಬಂದೂಕು ಕೈಗೆತ್ತಿಕೊಂಡದ್ದು ಈ ಕಟ್ಟಡಗಳಿಗೆ ನುಗ್ಗಿಯೇ. ಇಂದಿನ ಭಾರತೀಯ ಸೇನೆಯಲ್ಲಿ ಯೂನಿಟ್ಟಿನ ಶಸ್ತ್ರಾಗಾರವನ್ನು ‘ಕೋತ್’ ಎನ್ನುತ್ತಾರೆ; ನಿವೃತ್ತ ಸೈನಿಕರಿರುವ ಮನೆಗಳಲ್ಲಿ ಈ ಪದ ಪರಿಚಿತವೇ.

ಮೀರಠಿನ ಆ ದಿನ ಭಾನುವಾರ. ದಂಗೆ ಸಿಡಿದಾಗ ಬ್ರಿಟಿಷ್ ಸೈನಿಕರು ಸಂಜೆಯ ಚರ್ಚ್ ಪೆರೇಡಿಗೆ ಸಿದ್ಧರಾಗುತ್ತಿದ್ದರು. ಆ ಮೇಲೆ ಭಾರತದಲ್ಲಿ ಬ್ರಿಟಿಷ್ ಪಡೆಗಳು ಪ್ರಾರ್ಥನೆಗೂ ಬಂದೂಕು ಹೊತ್ತೇ ಹೋಗುವ ಪದ್ಧತಿ ಬಂತು, ಉತ್ತರ ಭಾರತದ ಹಲವು ಗ್ಯಾರಿಸನ್ ಚರ್ಚುಗಳ ಬೆಂಚುಗಳಿಗೆ ಬಂದೂಕು ಒರಗಿಸುವ ಕಚ್ಚುಗಳನ್ನು ಕೊರೆಯಲಾಯಿತು. ಮುಂದಿನ ಬೆಂಚಿನ ಬೆನ್ನಿನ ಮೇಲಂಚಿನಲ್ಲಿ, ಒಬ್ಬೊಬ್ಬ ಕೂರುವಷ್ಟು ಅಂತರಕ್ಕೆ ಒಂದೊಂದು ಕಚ್ಚು ಇರುವ ಉದ್ದನೆಯ ಬೆಂಚೋ ಹಲಗೆಯೋ ಸಿಕ್ಕಿದರೆ ಅದು ಹಾಳಾದ ಪೀಠೋಪಕರಣವಲ್ಲ. ಬ್ಯಾರಕ್ಕಿನ ಸ್ಟ್ಯಾಂಡಿನಲ್ಲಿ ಕಚ್ಚುಗಳು ಕೆಲವೇ ಇಂಚು ದೂರದಲ್ಲಿರುತ್ತವೆ, ಇಲ್ಲಿ ಒಂದೂವರೆ ಎರಡು ಅಡಿ ದೂರ ಇರುವುದೇ ಅದರ ಗುರುತು. ಸೇನಾ ಬಂದೂಕು ಸ್ಟ್ಯಾಂಡುಗಳಲ್ಲಿ ಇಷ್ಟು ಸ್ಪಷ್ಟವಾಗಿ ಒಂದು ಘಟನೆಗೆ ಬೆರಳು ಮಾಡುವ ಬಗೆ ಇನ್ನೊಂದಿಲ್ಲ. ಇಂಥ ಬೆಂಚನ್ನು ಪಾಲಿಷ್ ಮಾಡಿಸಲೆಂದು ಕಚ್ಚುಗಳನ್ನು ಮರದಿಂದ ಮುಚ್ಚಿಸುವವರನ್ನು ಕಂಡರೆ ನಿಜವಾಗಿ ಸಂಕಟವಾಗುತ್ತದೆ.

ಗುಳಿಯ ತಳವನ್ನು ಟಾರ್ಚು ಹಾಕಿ ನೋಡುವುದು ಒಳ್ಳೆಯದು. ಎನ್‌ಫೀಲ್ಡ್, ಸ್ನೈಡರ್, ಲೀ ಬಂದೂಕುಗಳ ಬಟ್‌ಗೆ ಹಿತ್ತಾಳೆಯ ತಗಡು ಇತ್ತು, ಮಾರ್ಟಿನಿ-ಹೆನ್ರಿಯದು ಕಬ್ಬಿಣದ್ದು. ಬಂದೂಕಿಗೆ ಸವರಿದ ಎಣ್ಣೆ ಇಳಿದು ಹಿತ್ತಾಳೆಯೊಡನೆ ವರ್ಷಗಟ್ಟಲೆ ಕೂತರೆ ಹಸಿರು ಬಣ್ಣದ ಮೇಣದಂಥ ಕಿಲುಬು ಮರದ ರಂಧ್ರಗಳಲ್ಲಿ ಸೇರಿಕೊಳ್ಳುತ್ತದೆ. ಕಬ್ಬಿಣ ತೇವದ ಮರಕ್ಕೆ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಓಕ್ ಮರದಲ್ಲಂತೂ ಅದು ಶಾಯಿ ಚೆಲ್ಲಿದಷ್ಟು ಗಾಢ. ಬಟ್‌ನ ಹಿಮ್ಮಡಿ ಮೊದಲು ತಾಗುವುದರಿಂದ ಗುಳಿಯ ಒಂದು ಕೊನೆ ಇನ್ನೊಂದಕ್ಕಿಂತ ಆಳವಾಗಿ ಸವೆದಿರಬೇಕು. ಎಲ್ಲ ಗುಳಿಗಳೂ ಸಮವಾಗಿ ಸವೆದಿದ್ದರೆ, ಅಥವಾ ಸವೆತವಿದ್ದೂ ಎಣ್ಣೆಯ ಕಪ್ಪು ಇಲ್ಲದಿದ್ದರೆ, ಮರಳು ಕಾಗದ ಹಿಡಿದು ಹಳೆಯದಾಗಿ ಕಾಣುವಂತೆ ಮಾಡಿದ ಹೊಸ ವಸ್ತು ಎಂದು ಅನುಮಾನಿಸಬೇಕು.

ಮರ ಮತ್ತು ಮೊಳೆಗಳಿಂದ ಕಾಲ ಹೇಳುವುದು ಯುರೋಪಿನಲ್ಲಿ ನಡೆದಷ್ಟು ಸುಲಭವಾಗಿ ನಮ್ಮಲ್ಲಿ ನಡೆಯುವುದಿಲ್ಲ. ತೇಗ, ಬೀಟೆ, ಸಾಲ, ಶೀಶಮ್‌ಗಳಲ್ಲಿ ಮಾಡಿದ್ದರೆ ಇಲ್ಲೇ ಮಾಡಿದ್ದು, ಓಕ್ ಅಥವಾ ಬೀಚ್ ಆದರೆ ಹಡಗಿನಲ್ಲಿ ಬಂದದ್ದಾಗಿರಬಹುದು ಎಂಬಷ್ಟು ಹೇಳಬಹುದು. ಚೂಪು ಮೊನೆಯ ಯಂತ್ರನಿರ್ಮಿತ ಸ್ಕ್ರೂ ಬ್ರಿಟನ್ನಿನಲ್ಲಿ ಹರಡಿದ್ದು 1854ರಲ್ಲಿ ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲಿನ್ ಕುಟುಂಬಗಳು ಅಮೆರಿಕದ ಪೇಟೆಂಟ್ ಕೊಂಡ ಮೇಲೆ, ಅದಕ್ಕೆ ಮುಂಚಿನ ಸ್ಕ್ರೂಗಳ ತುದಿ ಮೊಂಡು. ತಲೆಯಲ್ಲಿ ನಕ್ಷತ್ರದಂತೆ ಅಡ್ಡ-ಉದ್ದ ಗೀರಿರುವ ಫಿಲಿಪ್ಸ್ ಸ್ಕ್ರೂ 1930ರ ದಶಕದ್ದು. ಆದರೆ ಒಂದೇ ಗೀರಿನ ಸ್ಕ್ರೂಗಳನ್ನು ನಮ್ಮ ಬಡಗಿಗಳು ಇತ್ತೀಚಿನವರೆಗೂ ಬಳಸಿದ್ದಾರೆ, ಕಮ್ಮಾರ ಬಡಿದ ಮೊಳೆಗಳೂ ಹಳ್ಳಿಗಳಲ್ಲಿ ಬಹುಕಾಲ ಉಳಿದವು. ಹಾಗಾಗಿ ಹಳೆಯ ಬಗೆಯ ಸ್ಕ್ರೂ ಹಳೆತನಕ್ಕೆ ಸಾಕ್ಷಿಯಲ್ಲ, ಹೊಸ ಬಗೆಯ ಸ್ಕ್ರೂ ಮಾತ್ರ ಹೊಸತನಕ್ಕೆ ಸಾಕ್ಷಿ, ಅದೂ ಮೂಲ ತೂತಿನಲ್ಲೇ ಕೂತಿದ್ದರೆ. ಕಬ್ಬಿಣದ ಭಾಗಗಳಲ್ಲಿ ರಿವೆಟ್ ಇದ್ದರೆ ಹಿಂದಿನ ಕಾಲ, ವೆಲ್ಡಿಂಗ್ ಇದ್ದರೆ ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಆಸುಪಾಸು ಅಥವಾ ಅನಂತರ.

ಮುದ್ರೆಗಳನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ: ನಕಲು ಮಾಡಲು ಅತಿ ಸುಲಭವಾದದ್ದು ಅವೇ. ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು ಮೂರು ಗೀರಿನ ಬಾಣ. ಇದು ನಮಗೆ ದೂರದ್ದಲ್ಲ, ಭಾರತೀಯ ಸೇನೆಯ ವಾಹನಗಳ ನಂಬರ್ ಪ್ಲೇಟಿನಲ್ಲಿ ಇಂದಿಗೂ ಮೇಲ್ಮುಖದ ಬಾಣವಿದೆ. ಬಾಣದ ಜೊತೆ ‘ಬಿಒ’ ಅಕ್ಷರಗಳಿದ್ದರೆ 1855ರಲ್ಲಿ ರದ್ದಾದ ಬೋರ್ಡ್ ಆಫ್ ಆರ್ಡ್ನೆನ್ಸ್‌ನದು, ‘ಡಬ್ಲ್ಯುಡಿ’ ಇದ್ದರೆ ಯುದ್ಧ ಇಲಾಖೆಯದು, ‘ಐ’ ಇದ್ದರೆ ಭಾರತದ ದಾಸ್ತಾನು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿಕೊಂಡಿದ್ದರೆ ಸೇವೆಯಿಂದ ತೆಗೆದು ಮಾರಿದ ವಸ್ತು ಎಂದರ್ಥ. ಕೊಳ್ಳುವವರಿಗೆ ಇದು ಸಂತೋಷದ ಗುರುತು, ಏಕೆಂದರೆ ವಸ್ತು ಸರಿಯಾದ ದಾರಿಯಲ್ಲೇ ಹೊರಬಂದಿದೆ. ‘ಎಂಇಎಸ್’ ಎಂಬ ಬಣ್ಣದ ಅಕ್ಷರಗಳಿದ್ದರೆ ಅದು 1923ರಲ್ಲಿ ಸ್ಥಾಪನೆಯಾದ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ನ ಲೆಕ್ಕಕ್ಕೆ ಸೇರಿದ್ದ ವಸ್ತು, ಆ ಅಕ್ಷರಗಳು ಅದಕ್ಕಿಂತ ಹಿಂದಿನವಾಗಿರಲಾರವು.

ಮುದ್ರೆಗಿಂತ ನಾನು ಹೆಚ್ಚು ನಂಬುವುದು ಕಚ್ಚುಗಳ ಮೇಲಿನ ಅಂಕಿಗಳನ್ನು. ಪ್ರತಿ ಸೈನಿಕನ ಬಂದೂಕಿಗೂ ಒಂದು ಸಂಖ್ಯೆ ಇರುತ್ತಿತ್ತು. ಶಾರ್ಟ್ ಲೀ-ಎನ್‌ಫೀಲ್ಡ್‌ನ ಬಟ್‌ನಲ್ಲಿ ಇದಕ್ಕೆಂದೇ ಒಂದು ಹಿತ್ತಾಳೆಯ ಬಿಲ್ಲೆ ಕೂರಿಸಿ ರೆಜಿಮೆಂಟಿನ ಹೆಸರಿನ ಜೊತೆಗೆ ಸ್ಟ್ಯಾಂಡಿನ ಸಂಖ್ಯೆಯನ್ನೂ ಕೊರೆಯುತ್ತಿದ್ದರು. ಸ್ಟ್ಯಾಂಡಿನ ಮೇಲೆ 41ರಿಂದ 60ರವರೆಗೆ ಅಂಕಿಗಳಿದ್ದರೆ, ಅದರ ಹಿಂದೆ ನಲವತ್ತು ಬಂದೂಕುಗಳ ಬೇರೆ ಸ್ಟ್ಯಾಂಡುಗಳಿದ್ದವೆಂದು ತಾನಾಗಿಯೇ ತಿಳಿಯುತ್ತದೆ, ಮನೆಯ ಸಾಮಾನಿಗೆ ಇಂಥ ಸಂಖ್ಯೆ ಯಾರೂ ಹಾಕುವುದಿಲ್ಲ. ಅಂಕಿಗಳ ಮೇಲೆ ಎರಡು ಮೂರು ಬಾರಿ ಬಣ್ಣ ಬಳಿದು ಹೊಸ ಅಂಕಿ ಬರೆದಿದ್ದರೆ ಇನ್ನೂ ಒಳ್ಳೆಯದು.

ಆದರೆ ಸಂಸ್ಥೆಯದ್ದೆಂದು ಸಿದ್ಧವಾದರೂ ಸೇನೆಯದ್ದೇ ಎಂದಾಗುವುದಿಲ್ಲ. ಪೊಲೀಸರು, ಜೈಲು ಕಾವಲಿನವರು ತ್ರೀ ನಾಟ್ ತ್ರೀಯನ್ನೂ, ಅದರಿಂದಲೇ ಮಾರ್ಪಡಿಸಿದ .410 ಮಸ್ಕೆಟನ್ನೂ ಬಳಸಿದರು, ಅವರ ಸ್ಟ್ಯಾಂಡು ಸೇನೆಯದಕ್ಕಿಂತ ಬೇರೆಯಾಗಿ ಕಾಣಬೇಕಿಲ್ಲ. ಕರ್ನಾಟಕದಲ್ಲಿ ಸಿಗುವ ಸ್ಟ್ಯಾಂಡುಗಳಿಗೆ ಇನ್ನೊಂದು ಮೂಲವೂ ಇರಬಹುದು. 1809ರಲ್ಲಿ ಶ್ರೀರಂಗಪಟ್ಟಣದಿಂದ ಪಡೆಗಳು ಬಂದು ನೆಲೆಸಿದ ಬೆಂಗಳೂರು ದಂಡುಪ್ರದೇಶದ ಜೊತೆಗೆ, ಬೆಂಗಳೂರು, ಕೋಲಾರ ಚಿನ್ನದ ಗಣಿ, ಕೊಡಗು-ಮೈಸೂರುಗಳ ಕಾಫಿ ಸೀಮೆ ಇಲ್ಲೆಲ್ಲ ಯುರೋಪಿಯನ್ ಅಧಿಕಾರಿಗಳು, ತೋಟಗಾರರು ಸೇರಿದ್ದ ಸ್ವಯಂಸೇವಕ ರೈಫಲ್ ಪಡೆಗಳಿದ್ದವು. ಎಸ್ಟೇಟಿನಲ್ಲೋ ಕ್ಲಬ್ಬಿನಲ್ಲೋ ಸಿಕ್ಕಿದ ಸ್ಟ್ಯಾಂಡ್ ಅಳತೆಯಲ್ಲಿ ಪೂರ್ತಿ ಸೇನೆಯದರಂತಿದ್ದು, ಬೀಗವೂ ಬಾಣದ ಗುರುತೂ ಇಲ್ಲದಿದ್ದರೆ ಈ ಪಡೆಗಳನ್ನು ನೆನೆಯುವುದು ಸರಿ. ಕೊಡಗಿನ ಮನೆಗಳ ಕೋವಿಗಳ ಕಥೆ ಮಾತ್ರ ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುವ ಆ ಕೋವಿಗಳ ಆಸರೆಗಳು ಕುಟುಂಬದ ಸ್ವತ್ತು. ಅವನ್ನು ಮಿಲಿಟರಿ ಸ್ಟ್ಯಾಂಡ್ ಎಂದು ಕರೆದು ಮಾರುವುದು ಅವುಗಳ ನಿಜವಾದ ಗೌರವವನ್ನು ಕಳೆದಂತೆ.

ವಿದೇಶದಲ್ಲಿರುವ ಓದುಗರಿಗೆ ಎದುರಾಗುವುದು ಹೆಚ್ಚಾಗಿ ಅಮೆರಿಕನ್ ಸ್ಟ್ಯಾಂಡು. ವಿಧಾನ ಅದೇ, ಸಂಖ್ಯೆಗಳು ಬೇರೆ: 1861ರ ಸ್ಪ್ರಿಂಗ್‌ಫೀಲ್ಡ್ ಸುಮಾರು 56 ಇಂಚು, 1873ರ ಟ್ರ್ಯಾಪ್‌ಡೋರ್ ರೈಫಲ್ ಸುಮಾರು 52, ಅದರ ಕಾರ್ಬೈನ್ 41, ಕ್ರಾಗ್ 49, 1903ರ ಸ್ಪ್ರಿಂಗ್‌ಫೀಲ್ಡ್ 43 ಚಿಲ್ಲರೆ, ಎಂ1 ಗ್ಯಾರಂಡ್ ಸುಮಾರು 43 ಮುಕ್ಕಾಲು ಇಂಚಿನೊಳಗೆ. ಬಾಣದ ಬದಲು ಉರಿಯುವ ಬಾಂಬಿನ ಚಿಹ್ನೆಯನ್ನೂ ‘ಯುಎಸ್’ ಅಕ್ಷರಗಳನ್ನೂ ಹುಡುಕಬೇಕು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ 1968ರಲ್ಲಿ ಮುಚ್ಚಿ ಈಗ ಸಂಗ್ರಹಾಲಯವಾಗಿದೆ. ಅಲ್ಲಿರುವ ‘ಆರ್ಗನ್ ಆಫ್ ಮಸ್ಕೆಟ್ಸ್’ ಎಂಬ ಬೃಹತ್ ಸ್ಟ್ಯಾಂಡಿನಲ್ಲಿ 1861ರ ಮಾದರಿಯ ನೂರಾರು ಬಂದೂಕುಗಳು ನಿಂತೇ ಇವೆ. ದಾಸ್ತಾನು ಸ್ಟ್ಯಾಂಡಿಗೂ ಬ್ಯಾರಕ್ಕಿನ ಸ್ಟ್ಯಾಂಡಿಗೂ ಇರುವ ವ್ಯತ್ಯಾಸ ಅಲ್ಲಿ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಗುರುತಿಸುವ ಕೆಲಸ ಮುಗಿಯುವವರೆಗೆ ಸ್ಟ್ಯಾಂಡನ್ನು ತೊಳೆಯುವುದು, ಉಜ್ಜುವುದು, ಪಾಲಿಷ್ ಹಾಕುವುದು ಬೇಡ. ಮೇಲೆ ಹೇಳಿದ ಕಲೆ, ಕಿಲುಬು, ಅಂಕಿಗಳ ಪದರ ಎಲ್ಲವೂ ಮೇಲ್ಮೈಯ ಕಾಲು ಮಿಲಿಮೀಟರಿನಲ್ಲೇ ಇವೆ. ಹಳೆಯ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯವಾದ್ದರಿಂದ ಮರಳು ಕಾಗದದ ಧೂಳು ಆರೋಗ್ಯಕ್ಕೂ ಕೆಟ್ಟದ್ದು. ಒಣ ಬ್ರಷ್ಷಿನಿಂದ ಧೂಳು ತೆಗೆದು, ಅಳತೆ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಬೆಳಕು ಓರೆಯಾಗಿ ಬೀಳುವಂತೆ ಪ್ರತಿ ಗುಳಿ, ಪ್ರತಿ ಕಚ್ಚಿನ ಚಿತ್ರ ತೆಗೆದಿಡಬೇಕು. ಗೋಡೆಗೆ ತಾಗುತ್ತಿದ್ದ ಹಿಂಬದಿಯದ್ದನ್ನು ಮರೆಯಬಾರದು, ಬಣ್ಣ ಬಳಿಯದ ಆ ಬದಿಯಲ್ಲೇ ಗರಗಸದ ಗುರುತು ಮತ್ತು ಬಡಗಿಯ ಪೆನ್ಸಿಲ್ ಲೆಕ್ಕ ಉಳಿಯುವುದು. ಸ್ಟ್ಯಾಂಡಿಗೆ ಯಾವ ಲೈಸೆನ್ಸೂ ಬೇಕಿಲ್ಲ, ಅದರಲ್ಲಿ ಬಂದೂಕು ನಿಲ್ಲಿಸುವುದಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಕಾಲದ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದ ಮೇಲೆಯೇ ಸಾಗಿಸಬೇಕು.